ಅಜ್ಜನ ಕೌದಿಯ ಸೊಟ್ಟ ಮೂಲೆ

ನಮ್ಮ ಅಜ್ಜ ಬದುಕಿನಲ್ಲಿ ಆಚರಿಸಿಕೊಂಡ ಹುಟ್ಟುಹಬ್ಬಗಳು ಒಟ್ಟು ನಾಲ್ಕು. ಮೊದಲನೆಯದು ಬರುವ ಹೊತ್ತಿಗೆ ಅವರಿಗೆ ಎಂಬತ್ತು ಹತ್ತಿರವಾಗಿತ್ತು. ಊರ ಮಂದಿಗೆಲ್ಲ ಹುಟ್ಟಿದ ದಿನ ಹುಡುಕಿಕೊಟ್ಟವರಿಗೆ ತಮ್ಮದೊಂದು ಸಿಗಲು ಅಷ್ಟು ತಡವಾಯಿತು. ಅದು ಸಿಕ್ಕಿದ್ದರಲ್ಲಿ ನನ್ನದೂ ಒಂದು ಕೈಯಿದೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ನಮ್ಮ ಕಡೆ ಹಿರಿಯರ ಹುಟ್ಟಿದ ತಾರೀಖು ಕೇಳಿದರೆ ಮುಕ್ಕಾಲು ಮಂದಿ ಜೂನ್ ಒಂದು ಎನ್ನುತ್ತಾರೆ. ಅದು ಅವರು ಹುಟ್ಟಿದ ದಿನವಲ್ಲ. ಶಾಲೆಗೆ ಮಗುವಿನ ಹೆಸರು ಹಚ್ಚಲು ಬಂದ ತಾಯಿಗೆ ತಾರೀಖು ಗೊತ್ತಿಲ್ಲದಾಗ ಮಾಸ್ತರರು ಲೆಕ್ಕ ಸರಿಹೋಗಲೆಂದು ರಜಿಸ್ಟರಿನಲ್ಲಿ ಬರೆದುಬಿಡುತ್ತಿದ್ದ ದಿನ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಹಳ್ಳಿಗಳಲ್ಲಿ ಒಂದು ಆಯುಷ್ಯ ಪೂರ್ತಿ ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದ ಅಜ್ಜನಿಗೆ ಆ ತಾರೀಖು ಕಂಡರೆ ಆಗುತ್ತಿರಲಿಲ್ಲ.

"ಇಡೀ ಊರಿನ ಹುಡುಗ್ರು ಒಂದ ದಿನ ಹುಟ್ಟಿದ್ರ ಸೂಲಗಿತ್ತಿ ಗತಿ ಏನ್ರಿ?" ಎಂದು ಜೊತೆಯ ಮಾಸ್ತರರನ್ನು ಕೇಳುತ್ತಿದ್ದರಂತೆ.

ಅವರದು ಬೇರೆಯೇ ಪದ್ಧತಿ. ತಾಯಿಯನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, "ಕೂಸು ಹುಟ್ಟಿದಾಗ ಹೊಲದಾಗ ಏನಿತ್ತವ್ವಾ?" ಎಂದು ಶುರು ಮಾಡುವರು. ಹುಬ್ಬಿ ಮಳೆ ಹಿಡಿದಿತ್ತು. ಜೋಳ ತೆನೆ ಹಾಯುತ್ತಿತ್ತು. ಎಮ್ಮೆ ಈದ ಮರುದಿನ. ಪಂಚಮಿ ಹಬ್ಬದ ಉಂಡಿ ಇನ್ನೂ ಡಬ್ಬಿಯಲ್ಲಿ ಉಳಿದಿದ್ದವು. ತಾಯಂದಿರಿಗೆ ತಾರೀಖು ಗೊತ್ತಿರಲಿಲ್ಲವೇ ಹೊರತು ದಿನ ಚೆನ್ನಾಗಿ ಗೊತ್ತಿತ್ತು. ಅಜ್ಜ ಹಳೆಯ ಪಂಚಾಂಗಗಳ ಗಂಟು ಬಿಚ್ಚಿ, ಕನ್ನಡಕ ಏರಿಸಿ, ಬೆರಳೆಣಿಸಿ, ಕೊನೆಗೆ ಒಂದು ತಾರೀಖು ಹಿಡಿದು ತರುವರು. ಹತ್ತಿಮತ್ತೂರಿನಲ್ಲಿ ಒಬ್ಬ ಹುಡುಗಿಯ ಹೆಸರು ಹಚ್ಚುವಾಗ, ಆಕೆ ಹುಟ್ಟಿದ ದಿನ ಮಳೆ ಬಂದಿತ್ತೋ ಇಲ್ಲವೋ ಎಂದು ಅತ್ತೆ ಸೊಸೆ ಶಾಲೆಯ ಅಂಗಳದಲ್ಲೇ ಜಗಳಕ್ಕೆ ನಿಂತರಂತೆ. ಒಂದು ಹೆಸರು ಹಚ್ಚಲು ಅರ್ಧ ದಿನ ಹೋಯಿತು. ಉಳಿದ ಮಾಸ್ತರರಿಗೆ ತಲೆ ಕೆಟ್ಟುಹೋಯಿತು.

ಇದೆಲ್ಲ ನಡೆಯುವಾಗ ಹೆಸರು ಹಚ್ಚಿಸಿಕೊಳ್ಳುವ ಮಗು ಕೈಕಟ್ಟಿ ನಿಂತಿರಬೇಕು. ಇದು ಅಜ್ಜನ ಕಾಯಿದೆ. "ತಾ ಹುಟ್ಟಿದ್ದನ್ನ ಕುಂತು ಕೇಳಬಾರ್ದು, ನಿಂತು ಕೇಳಬೇಕು. ಆಕಿ ಅವತ್ತ ಎಷ್ಟು ತ್ರಾಸ ತಗೊಂಡಾಳ, ನಿನಗ ಐದ ನಿಮಿಷ ನಿಲ್ಲಾಕ ಏನು ಧಾಡಿ?" ಎನ್ನುವರು.

ನಾನೂ ನಿಂತಿದ್ದೇನೆ. ನಾನು ಹುಟ್ಟಿದ್ದು ಸವಣೂರಿನ ದವಾಖಾನೆಯಲ್ಲಿ, ನನ್ನ ಹತ್ತಿರ ಗುಂಡಗೆ ಠಸೆ ಒತ್ತಿದ ಜನನ ಪತ್ರವಿತ್ತು. ಆದರೂ ಬಿಡಲಿಲ್ಲ. ಆಗಲೇ ನಿವೃತ್ತರಾಗಿದ್ದ ಅಜ್ಜ ನಮ್ಮ ಪಡಸಾಲೆಯನ್ನೇ ಶಾಲೆ ಮಾಡಿ, ನನ್ನ ಅವ್ವನಿಂದ ಎಲ್ಲ ಹೇಳಿಸಿದರು. ದವಾಖಾನೆಗೆ ಹೋಗುವ ಗಾಡಿ ಕೆಟ್ಟು ನಿಂತಿದ್ದು, ನಾನು ಹುಟ್ಟಿದ ಸುದ್ದಿ ಕೇಳಿ ಅಪ್ಪ ಸವಣೂರಿನ ಹೆಸರಾಂತ ಕುರುಕಲು ಖಾರದ ಪೊಟ್ಟಣ ತಂದು ನರ್ಸುಗಳಿಗೆ ಹಂಚಿದ್ದು, ಎಲ್ಲ. ಪೇಢೆ ಹಂಚುವುದು ಬಿಟ್ಟು ಖಾರ ಹಂಚಿದ್ದಕ್ಕೇ ಈ ಹುಡುಗಿಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ನಮ್ಮ ಅಜ್ಜಿ ಇವತ್ತಿಗೂ ಹೇಳುತ್ತಾಳೆ. ನನಗೆ ಆಗ ನಿಂತು ನಿಂತು ಕಾಲು ಬೇನೆಯಾಗಿದ್ದಷ್ಟೇ ನೆನಪು. ಖಾರದ ಕಥೆಯ ಬೆಲೆ ತಿಳಿದದ್ದು ದೊಡ್ಡವಳಾದ ಮೇಲೆ.

ಮಕ್ಕಳ ಸೊಟ್ಟ ಅಕ್ಷರವನ್ನು ಅಜ್ಜ ಎಂದೂ ಅಳಿಸಿದವರಲ್ಲ. ಪಾಟಿಯ ಮೇಲಿರಲಿ, ವಹಿಯಲ್ಲಿರಲಿ, ಬರೆದದ್ದು ಇರಬೇಕು, ಕೆಳಗೆ ಮತ್ತೊಂದು ಬರೆಯಬೇಕು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಒಂದು ವಹಿ ಎತ್ತಿ ಹಿಡಿದು, ಇದೇನು ಅಕ್ಷರವೋ ಇರುವೆ ಸಾಲೋ ಎಂದು ಗದರಿದಾಗ, ಅಜ್ಜ ಆ ವಹಿಯನ್ನು ಮೆಲ್ಲಗೆ ಇಸಿದುಕೊಂಡು, "ಕಲಿಯಾಕತ್ತಾವ್ರಿ, ಇರ್ಲಿ ಬಿಡ್ರಿ" ಎಂದರಂತೆ. ಈ ಮಾತು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಉಪಯೋಗಕ್ಕೆ ಬರುತ್ತಿತ್ತು. ಸೊಸೆ ಮಾಡಿದ ಮೊದಲ ರೊಟ್ಟಿ ಹರಿದರೂ, ಅಪ್ಪ ಟ್ರ್ಯಾಕ್ಟರ್ ಕಲಿಯುವಾಗ ಹಿತ್ತಲಿನ ಗೋಡೆ ಕೆಡವಿದರೂ, ಅಜ್ಜನದು ಅದೇ ಮಾತು.

ಇಂಥ ಅಜ್ಜನ ಸ್ವಂತ ಹುಟ್ಟಿದ ತಾರೀಖು ಜೂನ್ ಒಂದು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹಟ ಮಾಡಿ, ಆ ದಿನ ಶಿಗ್ಗಾವಿಯಿಂದ ಕೇಕು ತರಿಸಿದ್ದೆ. ಅಜ್ಜ ಅದನ್ನು ಅಚ್ಚುಕಟ್ಟಾಗಿ ಕತ್ತರಿಸಿ ಓಣಿಯ ಮಕ್ಕಳಿಗೆಲ್ಲ ಹಂಚಿ, "ಇದು ನಂದಲ್ಲ, ರಜಿಸ್ಟರಿಂದು ಹುಟ್ಟಿದಹಬ್ಬ" ಎಂದು ನಕ್ಕರು. ಹಾಗಾದರೆ ನಿಮ್ಮದು ಯಾವತ್ತು ಎಂದೆ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಒರೆಸಿ ಮುಗಿಯಲೇ ಇಲ್ಲ. ಆಮೇಲೆ ಅಡುಗೆಮನೆಯಲ್ಲಿ ಅಜ್ಜಿ ನನ್ನ ಕಿವಿ ಹಿಂಡಿ ಹೇಳಿದಳು: ಅಜ್ಜ ಐದು ತಿಂಗಳ ಕೂಸಿದ್ದಾಗ ಅವರ ತಾಯಿ ತೀರಿಕೊಂಡಿದ್ದರು. ಕೇಳೋಣವೆಂದರೆ ಹೇಳುವವರು ಯಾರೂ ಇರಲಿಲ್ಲ.

ಹಾಗಂತ ಅಜ್ಜ ಸುಮ್ಮನೆ ಕೂತವರಲ್ಲ. ಅವರ ಅಪ್ಪನ ಊರು ಗೊಟಗೋಡಿಯ ಹತ್ತಿರ, ತಾಯಿಯ ತವರು ಹಿರೇಕೆರೂರು ಕಡೆ. ಚೊಚ್ಚಲ ಹೆರಿಗೆ ಎಂದರೆ ತವರಿನಲ್ಲೇ, ಅದು ಕೇಳಬೇಕಾದ ಮಾತೇ ಅಲ್ಲ. ಅಣ್ಣ ಚಕ್ಕಡಿ ಹೂಡಿಕೊಂಡು ಬಂದು ತಂಗಿಯನ್ನು ಕರೆದೊಯ್ದ, ಕೆಲವು ದಿನಕ್ಕೆ ಗಂಡು ಹುಟ್ಟಿತೆಂದು ಸುದ್ದಿ ಬಂತು. ಅಜ್ಜನ ಅಪ್ಪನಿಗೆ ಗೊತ್ತಿದ್ದದ್ದು ಇಷ್ಟೇ. ಅಜ್ಜ ದೊಡ್ಡವರಾಗಿ ಹುಡುಕಿಕೊಂಡು ಹೋಗುವ ಹೊತ್ತಿಗೆ ಆ ಅಣ್ಣನೂ ಇರಲಿಲ್ಲ, ಆ ಮನೆಯ ಹಿರಿಯರೂ ಇರಲಿಲ್ಲ. ವರ್ಷಕ್ಕೊಮ್ಮೆಯಾದರೂ ಆ ಊರಿಗೆ ಹೋಗಿ ಮುದುಕಿಯರನ್ನೆಲ್ಲ ಕೂರಿಸಿ ಕೇಳುವರು. ಹೊಲದಾಗ ಏನಿತ್ತು, ಯಾವ ಮಳೆ ಇತ್ತು? ಯಾರಿಗೂ ಏನೂ ನೆನಪಿಲ್ಲ. "ಹೋದಲ್ಲೆಲ್ಲಾ ನೆಪ್ಪು ತಗಸ್ತೇನಿ, ಆ ಒಂದೂರಾಗ ಮಾತ್ರ ಎಲ್ಲಾರೂ ಮರತಾರ" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು.

ತಾಯಿಯದೆಂದು ಅವರ ಹತ್ತಿರ ಉಳಿದದ್ದು ಒಂದೇ ವಸ್ತು. ಕೂಸನ್ನು ಸುತ್ತಿ ತಂದಿದ್ದ ಸಣ್ಣ ಕೌದಿ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ಹೊಲಿಗೆಯೆಲ್ಲ ಸಣ್ಣಗೆ, ಒತ್ತೊತ್ತಾಗಿ, ಗೆರೆ ಹೊಡೆದಂತೆ ಸಾಲು. ಆದರೆ ಒಂದು ಮೂಲೆಯಲ್ಲಿ ಮಾತ್ರ ಗೇಣುದ್ದ ಜಾಗದಲ್ಲಿ ದೊಡ್ಡ ದೊಡ್ಡ ಸೊಟ್ಟ ಹೊಲಿಗೆ, ಒಂದು ಆ ಕಡೆ ಒಂದು ಈ ಕಡೆ. ಅಜ್ಜನ ಲೆಕ್ಕದಲ್ಲಿ ನೀಟಾದ ಹೊಲಿಗೆಯೆಲ್ಲ ತವರಿನ ಹಿರಿಯ ಹೆಂಗಸರದು, ಆ ಸೊಟ್ಟ ಮೂಲೆ ಮಾತ್ರ ಹದಿನಾರು ವರ್ಷದ ತಮ್ಮ ತಾಯಿಯದು. "ಸಾಲಿ ಕಲ್ತಾಕಿ ಅಲ್ಲ ನೋಡು. ಒಂದನೇತ್ತೆ ಹುಡುಗ್ರ ಅಕ್ಷರ ಇದ್ದಂಗ ಅದಾವು" ಎಂದು ಪ್ರೀತಿಯಿಂದ ತೋರಿಸುವರು. ಪೇಪರ್ ಓದುವಾಗ ಕೌದಿ ತೊಡೆಯ ಮೇಲೆ, ಹೆಬ್ಬೆರಳು ಆ ಮೂಲೆಯ ಮೇಲೆ. ಎಂಬತ್ತರ ಹತ್ತಿರ ಬಂದರೂ ಮಲಗುವಾಗ ಆ ಮೂಲೆ ಕೆನ್ನೆಯ ಕೆಳಗೇ ಇರಬೇಕು.

ನನ್ನ ಅಕ್ಷರ ಮೊದಲಿನಿಂದಲೂ ಕಾಗೆಯ ಕಾಲು. ಅದನ್ನು ನೋಡಿದಾಗಲೆಲ್ಲ ಅಜ್ಜ, "ನಮ್ಮವ್ವನ ಕೈ ಬಂದೈತಿ ಈಕಿಗೆ" ಎಂದು ಬಂದವರಿಗೆಲ್ಲ ಹೇಳುವರು. ಪರೀಕ್ಷೆಯಲ್ಲಿ ಅಕ್ಷರಕ್ಕೆ ಅಂಕ ಕಳೆದಾಗಲೂ ನಾನು ತಲೆ ಎತ್ತಿಕೊಂಡೇ ಮನೆಗೆ ಬರುತ್ತಿದ್ದೆ.

ನಾನೂ ಟೀಚರಾದೆ. ಹಾನಗಲ್ಲ ತಾಲೂಕಿನ ಒಂದು ಹಳ್ಳಿಗೆ ಪೋಸ್ಟಿಂಗ್ ಬಂತು. ಅಜ್ಜ ಹರೆಯದಲ್ಲಿ ನಾಲ್ಕು ವರ್ಷ ಮಾಸ್ತರಿಕೆ ಮಾಡಿದ ಊರೇ ಅದು. ಆರ್ಡರ್ ನೋಡಿ ಅಜ್ಜ ಹುಡುಗನಂತೆ ಕುಣಿದಾಡಿದರು. ಯಾವ ಬಾವಿಯ ನೀರು ಸಿಹಿ, ಯಾವ ಮನೆಯ ಮಾವಿನ ಉಪ್ಪಿನಕಾಯಿ ಕೇಳಿ ಇಸಿದುಕೊಳ್ಳಬೇಕು ಎಂದೆಲ್ಲ ಬರೆದುಕೊಟ್ಟರು. ಈಗಿನ ಮಕ್ಕಳು ಜನನ ಪತ್ರ, ಆಧಾರ್ ಎಲ್ಲ ಹಿಡಿದುಕೊಂಡೇ ಬರುತ್ತಾರೆ. ತಾರೀಖು ಹುಡುಕುವ ಕೆಲಸವಿಲ್ಲ. ಆದರೂ ನಾನು ಅಜ್ಜನ ಕಾಯಿದೆ ಬಿಡಲಿಲ್ಲ. ಮಗು ನಿಂತಿರಬೇಕು, ಮನೆಯವರು ಹೇಳಬೇಕು. ಕಂಪ್ಯೂಟರಿನಲ್ಲಿ ಮಾಹಿತಿ ತುಂಬಲು ಕಾದು ಕೂತ ನಮ್ಮ ಹೆಡ್ ಮಾಸ್ತರರು ಹಣೆ ಹಣೆ ಬಡಿದುಕೊಳ್ಳುತ್ತಾರೆ. ಅವರಿಗೂ ತಾಳ್ಮೆ ಕಡಿಮೆ, ನನಗೂ ಕಡಿಮೆ, ನಮ್ಮ ಜಗಳ ನೋಡಲು ಪಾಲಕರು ಬೇಗ ಬರುತ್ತಾರೆ.

ಒಂದು ಜೂನಿನಲ್ಲಿ ತೊಂಬತ್ತು ದಾಟಿದ ಮುದುಕಿಯೊಬ್ಬಳು ಮರಿಮೊಮ್ಮಗಳ ಕೈ ಹಿಡಿದುಕೊಂಡು ಹೆಸರು ಹಚ್ಚಲು ಬಂದಳು. ಸೋದರಮಾವನಿಗೇ ಕೊಟ್ಟು ಅವನನ್ನು ಮನೆಯಳಿಯನಾಗಿ ಇಟ್ಟುಕೊಂಡಿದ್ದರಿಂದ ಹುಟ್ಟಿದ್ದೂ ಬಾಳಿದ್ದೂ ಅದೇ ಊರು, ಅದೇ ಮನೆ. ಮರಿಮೊಮ್ಮಗಳ ಕಥೆ ಹೇಳಿ ಮುಗಿಸಿ ನನ್ನ ಮುಖ ದಿಟ್ಟಿಸಿದಳು.

"ಹಿಂಗ ಕೇಳೋ ಮಾಸ್ತರ ಒಬ್ರಿದ್ರು ಈ ಸಾಲ್ಯಾಗ. ನನ್ನ ಹಿರೀಮಗನ ಹೆಸರ ಹಚ್ಚಿದವರು ಅವರ."

"ಅವ್ರ ಮೊಮ್ಮಗಳ ನಾನು" ಎಂದೆ, ಎದೆಯುಬ್ಬಿಸಿ.

"ಹೌದೇನ! ನಿಮ್ಮಜ್ಜಗ ಅವತ್ತ ಇನ್ನೊಂದು ಹೇಳೂದಿತ್ರೀ. ನಮ್ಮ ಮನಿಯಾಗ ಪರವೂರಿನ ಕೂಸೊಂದು ಹುಟ್ಟಿತ್ತು. ಹಿಂದ ಮಂದಿ ಭಾಳ ನಿಂತಿದ್ರು, 'ಅದನ್ನ ಆಮ್ಯಾಲೆ ಹೇಳ್ರೆವ್ವಾ' ಅಂದ್ರು. ಆಮ್ಯಾಲೆ ಅನ್ನೂದು ಬರಲೇ ಇಲ್ಲ."

ನಾನು ಸುಮ್ಮನೆ ಕಥೆ ಕೇಳುವ ಚಪಲಕ್ಕೆ ಹೇಳಿಸಿದೆ. ಚಕ್ಕಡಿ ಗೊಟಗೋಡಿ ಕಡೆಯಿಂದ ಬಂದಿತ್ತು. ಹಿರೇಕೆರೂರು ಕಡೆ ತವರಿಗೆ ಹೊರಟಿದ್ದ ಹುಡುಗಿ, ಅಣ್ಣ ಚಕ್ಕಡಿ ಹೊಡೆಯುತ್ತಿದ್ದ. ಎಂಟೇ ತಿಂಗಳಿಗೆ ದಾರಿಯಲ್ಲಿ ನೋವು ಬಂತು. ಅಲ್ಲಿಗೇ ನಾನು ಪೆನ್ನು ಕೆಳಗಿಟ್ಟೆ. ಆಮೇಲೆ ಮುದುಕಿ, "ಹೋಗೂ ಮುಂದ ಕೂಸನ್ನ ಒಂದು ಕೌದ್ಯಾಗ ಸುತ್ತಿ ಕಳಿಸಿದ್ವಿ. ಒಂದು ಮೂಲಿ ನಾ ಹೊಲದಿದ್ದೆ. ಹನ್ನೆರಡು ವರ್ಷದಾಕಿ, ಎಲ್ಲಾ ಸೊಟ್ಟ" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಅಜ್ಜ ಅಷ್ಟು ವರ್ಷ ಹುಡುಕಿದ್ದು ತಪ್ಪು ಊರಿನಲ್ಲಿ. ಸರಿಯಾದ ಊರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಎಲ್ಲರನ್ನೂ ಎಲ್ಲವನ್ನೂ ಕೇಳಿ, ತಮ್ಮದನ್ನು ಮಾತ್ರ ಕೇಳಿರಲಿಲ್ಲ. ಓಡಿಹೋಗಿ ಫೋನ್ ಮಾಡಬೇಕೆಂದು ಎದ್ದವಳು ಹಾಗೇ ಕೂತುಬಿಟ್ಟೆ. ದಿನ ಸಿಗುತ್ತದೆ ನಿಜ. ಆದರೆ ಆ ಮೂಲೆ ಹೋಗುತ್ತದೆ. ಇಷ್ಟು ವರ್ಷ ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದು ಯಾರೋ ಗುರುತಿಲ್ಲದ ಹುಡುಗಿಯ ಹೊಲಿಗೆ ಎಂದು ಯಾವ ಬಾಯಿಂದ ಹೇಳಲಿ? ಹದಿನೈದು ದಿನ ಒದ್ದಾಡಿದೆ. ಊಟ ಸೇರಲಿಲ್ಲ, ಹೆಡ್ ಮಾಸ್ತರರ ಜೊತೆ ಜಗಳಕ್ಕೂ ಮನಸ್ಸು ಬರಲಿಲ್ಲ. ನನಗೇನಾದರೂ ಜಡ್ಡೇ ಎಂದು ಅವರೇ ಗಾಬರಿಯಾಗಿ ವಿಚಾರಿಸಿದರು.

ಕೊನೆಗೆ ಅಜ್ಜಿಗೆ ಫೋನ್ ಮಾಡಿ ಎಲ್ಲ ಒದರಿದೆ. ಅಜ್ಜಿ, "ಅವ್ರು ಮಂದೀ ಮಕ್ಕಳಿಗೆಲ್ಲಾ ಖರೇ ಹುಡುಕಿ ಕೊಟ್ಟಾರ. ಅವ್ರಿಗೆ ನೀ ಸುಳ್ಳು ಇಡ್ತೀ ಏನು?" ಎಂದಳು. ನನಗೆ ನಾಚಿಕೆಯಾಯಿತು. ಆ ರವಿವಾರವೇ ಅಜ್ಜನನ್ನು ಬಸ್ಸಿನಲ್ಲಿ ಕರೆತಂದೆ. ಹಳೆಯ ವಿದ್ಯಾರ್ಥಿಯ ತಾಯಿ ನೋಡಬೇಕಂತೆ ಎಂದಷ್ಟೇ ಹೇಳಿದ್ದೆ. ಕೌದಿಯನ್ನು ಅಜ್ಜಿ ಗೊತ್ತಾಗದಂತೆ ನನ್ನ ಚೀಲಕ್ಕೆ ಸೇರಿಸಿದ್ದಳು. ಬಸ್ಸಿಳಿದ ಅಜ್ಜ ದಾರಿಯುದ್ದಕ್ಕೂ ಬಾವಿಗಳಿಗೂ ಬೇವಿನ ಗಿಡಗಳಿಗೂ ನಮಸ್ಕಾರ ಹೇಳುತ್ತ ಬಂದರು. ಅರ್ಧ ಊರು ಹಿಂದೆ ಬಿತ್ತು.

ಮುದುಕಿಯ ಪಡಸಾಲೆಯಲ್ಲಿ ಅಜ್ಜನಿಗೆ ಖುರ್ಚಿ ಹಾಕಿದ್ದರು. ನಾನು ಪೀಠಿಕೆ ಗೀಠಿಕೆ ಎಲ್ಲ ಯೋಚಿಸಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು ಒಂದೇ ಮಾತು.

"ಅಜ್ಜಾ, ನೀವು ಹುಟ್ಟಿದ್ದು ಇಲ್ಲೆ, ಈ ಮನಿಯಾಗ."

ಅಜ್ಜ ನನ್ನನ್ನು ನೋಡಿದರು, ಮುದುಕಿಯನ್ನು ನೋಡಿದರು. ಖುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು.

"ಕುಂದರ್ರಿ ಸರ್, ಮಂಡಿ ನೋಯ್ತಾವು" ಎಂದಳು ಮುದುಕಿ.

"ಇಲ್ಲವ್ವಾ. ಇದನ್ನ ನಿಂತು ಕೇಳಬೇಕು" ಎಂದು ಕೈಕಟ್ಟಿದರು.

ಮುದುಕಿ ಹೇಳಿದಳು. ಅದು ಶೀಗೀಹುಣ್ಣಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಉಣ್ಣಿಸಿ ತಾವೂ ಉಣ್ಣುವ ಹಬ್ಬ. ಊರೆಂಬ ಊರೇ ಖಾಲಿ.

"ನನ್ನ ಕಾಲಿಗೆ ಮುಳ್ಳು ನಟ್ಟು ಬಾತಿತ್ತು, ನನ್ನೊಬ್ಬಾಕಿನ್ನ ಮನಿಯಾಗ ಬಿಟ್ಟಿದ್ರು. ಕರಿಗಡಬು ತಪ್ಪಿತಲ್ಲಾ ಅಂತ ಕಟ್ಟೀಮ್ಯಾಲ ಕುಂತು ಅಳಾಕತ್ತಿದ್ದೆ. ಚಕ್ಕಡಿ ಬಂದು ನಿಂತ್ತು. ನಿಮ್ಮವ್ವ ಇಳದಾಕಿನ, 'ತಂಗೀ, ನೀ ಯಾಕ ಅಳ್ತಿ, ಅಳಬೇಕಾದಾಕಿ ನಾನು. ಹೋಗು, ನಿಮ್ಮವ್ವನ್ನ ಕರಿ' ಅಂದ್ಲು. ಅಂಥಾ ನೋವಿನ್ಯಾಗ ಚ್ಯಾಷ್ಟಿ ಆಕೀದು! ಬಾತ ಕಾಲಾಗ ಹೊಲಕ್ಕ ಓಡಿದೆ. ನಮ್ಮವ್ವ, ಸೂಲಗಿತ್ತಿ ಇಬ್ರೂ ಉಣ್ಣೂದು ಬಿಟ್ಟು ಓಡಿ ಬಂದ್ರು. ಇಲ್ಲೆ, ಈ ಕಂಬದ ಬಾಜೂಕ ನೀವು ಹುಟ್ಟಿದ್ರಿ. ಮೊದಲ ಅಳಲಿಲ್ಲ. ಸೂಲಗಿತ್ತಿ ಬೆನ್ನಿಗೆ ಬಡದ ಮ್ಯಾಲೆ ಏನ್ ಅತ್ರಿ ಅಂತೀರಿ, ಕಟ್ಟಿದ ಎತ್ತು ಹಗ್ಗ ಹರಕೊಂಡ್ವು!"

ಸುತ್ತ ನಿಂತವರೆಲ್ಲ ನಕ್ಕರು. ಅಜ್ಜನೂ ನಕ್ಕರು, ಕಣ್ಣು ಒರೆಸಿಕೊಳ್ಳದೆ.

"ನಮ್ಮವ್ವ ಮಾತಾಡ್ತಿದ್ಲೇನು?" ಎಂದರು ಮೆಲ್ಲಗೆ. ಅಷ್ಟು ವರ್ಷ ಅವರು ತಾಯಿಯನ್ನು ಮೌನವಾಗಿ ಮೂಲೆಯಲ್ಲಿ ಕೂತ ಹುಡುಗಿ ಎಂದೇ ಎಣಿಸಿದ್ದರು.

"ಮಾತಾಡ್ತಿದ್ಲು ಅಂದ್ರ? ಬಾಯಿ ಮುಚ್ಚಿದ್ದ ನೋಡಿಲ್ಲ ನಾನು. ಹದಿನೈದು ದಿನ ಇದ್ಲು ನಮ್ಮನಿಯಾಗ. ಆಕಿ ಹೋದ ಮ್ಯಾಲೆ ಮನಿ ಬಣಬಣ ಅಂತಿತ್ತು."

ಇನ್ನು ತಡೆಯುವುದು ಸರಿಯಲ್ಲವೆಂದು ನಾನು ಕೌದಿ ತೆಗೆದು ಮುದುಕಿಯ ತೊಡೆಯ ಮೇಲಿಟ್ಟೆ. ಆಕೆಗೆ ಕಣ್ಣು ಮಂಜು. ಬೆರಳಾಡಿಸಿ ನೇರ ಆ ಮೂಲೆಗೇ ಹೋದಳು.

"ಅಯ್ಯ, ಇನ್ನೂ ಐತಿ! ಇದ ನೋಡ್ರಿ ನಾ ಹೊಲದದ್ದು."

ನಾನು ಅಜ್ಜನ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಿದ್ದೆ. ಅಜ್ಜ ಕೇಳಿದರು. "ಹಂಗಾರ ನಮ್ಮವ್ವಂದು ಯಾವುದು?"

"ಇದೆಲ್ಲಾ!" ಮುದುಕಿ ಅಂಗೈಯಿಂದ ಇಡೀ ಕೌದಿ ಸವರಿದಳು. "ಹೊಲಿಗಿಯೊಳಗ ಆಕಿ ಕೈ ಹಿಡಿಯೋರಿಲ್ಲ. ಬಾಣಂತಿ ಅಂದ್ರ ಕೇಳ್ತಿದ್ದಿಲ್ಲ, ಗ್ವಾಡಿಗೆ ಆತು ಕುಂತು ಹೊಲದಾ ಹೊಲದ್ಲು. ನಾನೂ ಕಲೀತೇನಿ ಅಂತ ಬೆನ್ನು ಹತ್ತಿದೆ. ಈ ಮೂಲಿ ನನಗ ಕೊಟ್ಲು. ನಾ ಹಿಂಗ ಹೊಲದೆ. ನಮ್ಮವ್ವ ನೋಡಿ ಸಿಟ್ಟಾಗಿ ಬಿಚ್ಚಾಕ ಹೋದ್ಲು, ಚಲೋ ಕೌದಿ ಕೆಡಿಸಿದಿ ಅಂತ. ನಿಮ್ಮವ್ವ ಆಕಿ ಕೈ ಹಿಡದು ಬಿಚ್ಚಗೊಡಲಿಲ್ಲ. 'ಕಲಿಯಾಕತ್ತಾಳ, ಇರ್ಲಿ ಬಿಡ್ರಿ' ಅಂದ್ಲು."

ಯಾರೋ ತಂದಿಟ್ಟ ಚಹಾ ಆರುತ್ತಿತ್ತು. ಅಜ್ಜ ಒಂದು ಹೆಜ್ಜೆ ಮುಂದೆ ಬಂದು, ಬಾಗಿ, ಕೌದಿಯ ನಡುವಿನ ಸಣ್ಣ ಹೊಲಿಗೆಯ ಮೇಲೆ ಒಂದು ಬೆರಳಿಟ್ಟರು. ಇನ್ನೊಂದು ಕೈ ಅಭ್ಯಾಸದಂತೆ ಸೊಟ್ಟ ಮೂಲೆಗೇ ಹೋಯಿತು. ಮತ್ತೆ ನೆಟ್ಟಗೆ ನಿಂತು ಕೈಕಟ್ಟಿಕೊಂಡರು.

"ಇನ್ನೊಮ್ಮೆ ಹೇಳಬೇ, ಯವ್ವಾ" ಎಂದರು.

ಮುದುಕಿ ಮತ್ತೆ ಮೊದಲಿನಿಂದ, ಮುಳ್ಳು ನಟ್ಟ ಕಾಲಿನಿಂದ ಶುರು ಮಾಡಿದಳು. ಅಜ್ಜ ನಿಂತೇ ಇದ್ದರು.